ಕೆಂಪು ಚುಕ್ಕೆ ಅಳಿಸಿದ ತಿಂಗಳು

ಯುದ್ಧಕಾಲದ ವಿಮಾನವೊಂದರ ಹಳೆಯ ಫೋಟೋ ಕೈಗೆ ಸಿಕ್ಕರೆ ಮೊದಲು ಅದರ ಅಡಿಬರಹವನ್ನು ಹೆಬ್ಬೆರಳಿನಿಂದ ಮುಚ್ಚಿಬಿಡಬೇಕು. ಅದನ್ನು ಬರೆದವರು ಎಷ್ಟೋ ಸಲ ಆ ವಿಮಾನದ ಹತ್ತಿರಕ್ಕೂ ಹೋದವರಲ್ಲ. ಯುದ್ಧದ ದಿನಗಳಲ್ಲಿ ಸೆನ್ಸಾರಿನವರು ‘ಭಾರತದಲ್ಲಿ ಎಲ್ಲೋ ಒಂದೆಡೆ’ ಎನ್ನುವುದಕ್ಕಿಂತ ಹೆಚ್ಚು ಬರೆಯಲು ಬಿಡುತ್ತಿರಲಿಲ್ಲ. ಎಷ್ಟೋ ನೆಗೆಟಿವ್‌ಗಳಲ್ಲಿ ವಿಮಾನದ ನಂಬರನ್ನೂ ರೇಡಾರ್ ಆಂಟೆನಾವನ್ನೂ ಕೆರೆದು ಹಾಕುತ್ತಿದ್ದರು. ಆಮೇಲೆ ಯಾವಾಗಲೋ ಆಲ್ಬಮ್ ಜೋಡಿಸುವವರು, ಪುಸ್ತಕ ಅಚ್ಚು ಹಾಕುವವರು, ಈಗ ವಾಟ್ಸಾಪ್‌ನಲ್ಲಿ ಕಳಿಸುವವರು, ಖಾಲಿ ಜಾಗವನ್ನು ತಮ್ಮ ಊಹೆಯಿಂದ ತುಂಬಿದರು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಚಿತ್ರಗಳ ಮಟ್ಟಿಗಂತೂ ಈ ಊಹೆ ದುಬಾರಿ. ಚಿತ್ರ 1944ರದೋ 1949ರದೋ ಎಂಬುದರ ಮೇಲೆ ಅದರಲ್ಲಿ ಕಾಣುವ ದುಡಿಮೆ ಯಾರ ಲೆಕ್ಕಕ್ಕೆ ಹೋಗುತ್ತದೆ ಎಂಬುದು ನಿಂತಿದೆ.

ಅಡಿಬರಹ ಮುಚ್ಚಿದ ಮೇಲೆ ನೋಡಬೇಕಾದ್ದು ವಿಮಾನದ ಮೈಮೇಲಿನ ಗುರುತು. ಅಮೆರಿಕದ್ದನ್ನೇ ತೆಗೆದುಕೊಳ್ಳಿ. 1941ರಲ್ಲಿ ಅವರ ವಿಮಾನಗಳ ಮೇಲೆ ನೀಲಿ ವೃತ್ತ, ಅದರೊಳಗೆ ಬಿಳಿ ನಕ್ಷತ್ರ, ನಕ್ಷತ್ರದ ನಟ್ಟನಡುವೆ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಜಪಾನಿನ ವಿಮಾನಗಳ ಗುರುತೋ ಬರೀ ಒಂದು ಕೆಂಪು ಉಂಡೆ. ದೂರದಿಂದ, ಅದೂ ಭಯದಲ್ಲಿ ನೋಡುವವನಿಗೆ ನೀಲಿಯೂ ಕಾಣದು, ನಕ್ಷತ್ರವೂ ಕಾಣದು. ಕಣ್ಣಿಗೆ ಬೀಳುವುದು ಕೆಂಪು ಮಾತ್ರ. 1942ರ ಮೇ ತಿಂಗಳಲ್ಲಿ ಆ ಚುಕ್ಕೆಯನ್ನು ಅಳಿಸಲು ಆಜ್ಞೆಯಾಯಿತು. 1943ರ ಜೂನ್ ಕೊನೆಗೆ ವೃತ್ತದ ಎರಡು ಕಡೆ ಬಿಳಿ ಪಟ್ಟಿ ಬಂತು, ಎಲ್ಲಕ್ಕೂ ಸುತ್ತ ಕೆಂಪು ಅಂಚು ಬಂತು. ಕೆಂಪಿನ ತಂಟೆ ಮತ್ತೆ ಶುರು! ಮೂರು ತಿಂಗಳೊಳಗೆ ಆ ಅಂಚನ್ನು ನೀಲಿ ಮಾಡಿದರು. 1947ರ ಜನವರಿಯಲ್ಲಿ, ಹೆದರಬೇಕಾದ ಶತ್ರು ಇಲ್ಲವಾದ ಮೇಲೆ, ಬಿಳಿ ಪಟ್ಟಿಗಳ ನಡುವೆ ಕೆಂಪು ಗೆರೆ ಹಿಂತಿರುಗಿತು. ಹಾಗಾಗಿ ಪಟ್ಟಿಗಳಿರುವ ನಕ್ಷತ್ರ ಕಂಡರೆ ಆ ಚಿತ್ರ 1943ರ ನಡುವಿಗಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇದು ಒಂದೇ ದಿಕ್ಕಿನ ಸಾಕ್ಷಿ ಎಂಬುದು ಮಾತ್ರ ನೆನಪಿರಲಿ. ಹಳೆಯ ಗುರುತು ಇದೆ ಎಂದಮಾತ್ರಕ್ಕೆ ಚಿತ್ರ ಹಳೆಯದಾಗಬೇಕಿಲ್ಲ. ಆಜ್ಞೆ ಹೊರಟ ದಿನವೇ ಎಲ್ಲ ಊರಿನಲ್ಲೂ ಬ್ರಷ್ಷು ಹಿಡಿದವರು ಏಣಿ ಹತ್ತಿದರು ಎಂದುಕೊಳ್ಳುವಂತಿಲ್ಲ.

ಈ ಬಣ್ಣಗಳ ಬದಲಾವಣೆಯ ಹಿಂದೆ ಸತ್ತವರಿದ್ದಾರೆ. ಪರ್ಲ್ ಹಾರ್ಬರ್ ದಾಳಿಯಾದ ದಿನವೇ ರಾತ್ರಿ, ಎಂಟರ್‌ಪ್ರೈಸ್ ಹಡಗಿನ ಆರು ವೈಲ್ಡ್‌ಕ್ಯಾಟ್ ವಿಮಾನಗಳು ಫೋರ್ಡ್ ದ್ವೀಪದಲ್ಲಿ ಇಳಿಯಲು ಬಂದವು. ಕೆಳಗಿದ್ದ ಅಮೆರಿಕನ್ ಗನ್ನರ್‌ಗಳು ಅವುಗಳ ಮೇಲೆ ಗುಂಡಿನ ಮಳೆ ಸುರಿಸಿ ಮೂವರು ಪೈಲಟ್‌ಗಳನ್ನು ಕೊಂದರು. 1943ರ ಜುಲೈ 11ರ ರಾತ್ರಿ ಸಿಸಿಲಿಯಲ್ಲಿ ಇದೇ ಕಥೆ ದೊಡ್ಡದಾಗಿ ನಡೆಯಿತು: ಪ್ಯಾರಾಟ್ರೂಪರ್‌ಗಳನ್ನು ಹೊತ್ತ 144 ಸಾಗಣೆ ವಿಮಾನಗಳಲ್ಲಿ 23 ತಮ್ಮವರದೇ ಗುಂಡಿಗೆ ಉರುಳಿದವು. ಎರಡೂ ಕತ್ತಲಲ್ಲಿ ನಡೆದದ್ದು, ಆ ಹೊತ್ತಿನಲ್ಲಿ ಯಾವ ಚುಕ್ಕೆ ಇದ್ದರೇನು ಬಿಟ್ಟರೇನು. ಆದರೂ ಮುಂದಿನ ವರ್ಷ ನಾರ್ಮಂಡಿಗೆ ಹೊರಡುವಾಗ ಸೇನಾಧಿಕಾರಿಗಳ ತಲೆಯಲ್ಲಿ ಸಿಸಿಲಿಯೇ ಇತ್ತು. 1944ರ ಜೂನ್ ಮೊದಲ ವಾರ ಸಾವಿರಾರು ವಿಮಾನಗಳ ರೆಕ್ಕೆಗೂ ಮೈಗೂ ಕಪ್ಪು-ಬಿಳಿಯ ಐದು ಪಟ್ಟೆ ಬಳಿಯಲಾಯಿತು. ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್‌ಗಳಿಗೆ ಮಾತ್ರ ವಿನಾಯಿತಿ, ಅಂಥವು ಶತ್ರುವಿನ ಬಳಿ ಇದ್ದದ್ದೇ ಅಪರೂಪ. ಯೂರೋಪಿನ ಚಿತ್ರವೊಂದರಲ್ಲಿ ಈ ಪಟ್ಟೆ ಕಂಡರೆ ತಾರೀಖು ಹುಡುಕಲು ಹೆಚ್ಚು ಒದ್ದಾಡಬೇಕಿಲ್ಲ.

ನಮ್ಮ ಕಡೆಗೆ ಬಂದರೆ ಕೆಂಪಿನ ತೊಂದರೆ ಇನ್ನೂ ಹತ್ತಿರದ್ದು. ಬ್ರಿಟಿಷರ ರಾಯಲ್ ಏರ್‌ಫೋರ್ಸಿನ ವೃತ್ತಕ್ಕೆ ನಡುವೆಯೇ ಕೆಂಪು: ಕೆಂಪು, ಬಿಳಿ, ನೀಲಿ. ಬರ್ಮಾ ಗಡಿಯಲ್ಲಿ ಜಪಾನಿಯರ ಎದುರು ಇದನ್ನಿಟ್ಟುಕೊಂಡು ಹಾರುವುದು ಹೇಗೆ? ಅಲ್ಲಿನ ವಿಮಾನಗಳಲ್ಲಿ ಕೆಂಪನ್ನು ತೆಗೆದು, ಕಡುನೀಲಿಯ ನಡುವೆ ತಿಳಿನೀಲಿ ಅಥವಾ ಬಿಳಿಯ ಚಿಕ್ಕ ವೃತ್ತ ಇಟ್ಟರು. ಆಗಿನ ಇಂಡಿಯನ್ ಏರ್‌ಫೋರ್ಸಿಗೂ ಅದೇ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಿಮಾನಗಳ ಮೇಲೆ ಕೆಲಕಾಲ ಅಶೋಕ ಚಕ್ರವಿತ್ತು, ನಂತರ ಈಗಿನ ಮೂರು ಬಣ್ಣ: ಹೊರಗೆ ಕೇಸರಿ, ಒಳಗೆ ಬಿಳಿ, ನಡುವೆ ಹಸಿರು. ಕಪ್ಪು-ಬಿಳುಪು ಚಿತ್ರದಲ್ಲಿ ಈ ಹಸಿರು ನಡುವನ್ನು ಬ್ರಿಟಿಷರ ಕೆಂಪು ನಡುವಿನಿಂದ ಬೇರೆ ಮಾಡುವುದು ಕಷ್ಟ. ಎರಡೂ ಕಪ್ಪು, ಸುತ್ತ ಬಿಳಿ ಬಳೆ, ಅದರ ಸುತ್ತ ಬೂದು. ಎಷ್ಟೋ ಜನ ಎಡವುವುದು ಇಲ್ಲೇ.

ಫಿಲ್ಮಿನ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣವೇ ತಿಳಿಯುತ್ತಿರಲಿಲ್ಲ, ಅದು ಕೆಂಪನ್ನು ಕಪ್ಪಾಗಿ ತೋರಿಸುತ್ತಿತ್ತು. ಹಳದಿಯನ್ನೂ ಕಪ್ಪಿನ ಕಡೆಗೇ ತಳ್ಳುತ್ತಿತ್ತು, ನೀಲಿಯನ್ನು ಬಿಳುಚಿಸುತ್ತಿತ್ತು. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಹಳದಿ ತಿಳಿಯಾಗಿಯೇ ಬರುತ್ತದೆ. ಅದೇ ಹಳದಿ ತರಬೇತಿ ವಿಮಾನ ಒಂದು ಚಿತ್ರದಲ್ಲಿ ಕಪ್ಪಗೆ, ಇನ್ನೊಂದರಲ್ಲಿ ಬೆಳ್ಳಗೆ ಕಂಡು, ಎರಡು ಬೇರೆ ವಿಮಾನಗಳೆಂದು ಜನ ವಾದಿಸುವುದುಂಟು. ನೆಗೆಟಿವನ್ನು ತಿರುಗಿಸಿ ಅಚ್ಚು ಹಾಕಿದ್ದಾರೋ ಎಂಬುದೂ ಗೊತ್ತಾಗುತ್ತದೆ. ಅಮೆರಿಕದ ಸೇನಾ ವಾಯುಪಡೆ 1941ರಿಂದ ನಕ್ಷತ್ರವನ್ನು ರೆಕ್ಕೆಯ ಮೇಲ್ಭಾಗದಲ್ಲಿ ಎಡಕ್ಕೆ ಮಾತ್ರ, ಕೆಳಭಾಗದಲ್ಲಿ ಬಲಕ್ಕೆ ಮಾತ್ರ ಬರೆಯುತ್ತಿತ್ತು. ಮೇಲಿನ ನಕ್ಷತ್ರ ಬಲಕ್ಕಿದ್ದರೆ ಚಿತ್ರ ಉಲ್ಟಾ ಎಂದೇ ಅನುಮಾನಿಸಬೇಕು.

ಆಕಾರದ ಮೇಲಿಂದ ಗುರುತಿಸುವುದು ಹುಡುಗರ ಆಟದಂತೆ ಕಂಡರೂ ಅದರಲ್ಲೂ ಗುಂಡಿಗಳಿವೆ. ಕರ್ಟಿಸ್ ಹಾಕ್ ಮತ್ತು ಪಿ-40 ಒಂದೇ ತಾಯಿಯ ಮಕ್ಕಳು. ಗುಂಡಗಿನ ರೇಡಿಯಲ್ ಎಂಜಿನ್ ತೆಗೆದು ಉದ್ದನೆಯ ಎಂಜಿನ್ ಇಟ್ಟಾಗ ಹಾಕ್ ಪಿ-40 ಆಯಿತು. ಫೋಟೋದಲ್ಲಿ ಮೂತಿ ಕತ್ತರಿಸಿ ಹೋಗಿದ್ದರೆ ನಿಪುಣರಿಗೂ ಕಷ್ಟ. ಹಾಕ್ ನಮಗೆ ದೂರದ ಹೆಸರಲ್ಲ. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದಾಗ ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರ್ಲೋ ಎಂಬ ತರಬೇತಿ ವಿಮಾನ, ಅದು ಹಾರಿದ್ದು 1941ರ ಆಗಸ್ಟಿನಲ್ಲಿ. ಅದರ ಹಿಂದೆಯೇ, 1942ರ ಜುಲೈನಲ್ಲಿ, ಹಾಕ್. ಅಷ್ಟರಲ್ಲಿ ಜಪಾನ್ ಬರ್ಮಾಕ್ಕೆ ಬಂದಿತ್ತು. 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕನ್ ವಾಯುಪಡೆಯ ಕೈಗೆ ಹೋಯಿತು. ಹೊಸ ವಿಮಾನ ಕಟ್ಟುವ ಆಸೆ ಬದಿಗೆ ಸರಿದು ರಿಪೇರಿಯೇ ಮುಖ್ಯ ಕಸುಬಾಯಿತು.

ಆ ರಿಪೇರಿಗೆ ಬಂದವುಗಳಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ಕೂಡ ಇತ್ತು. ಮೈಯ ಮೇಲ್ಭಾಗಕ್ಕೆ ಅಂಟಿದ ಕಿರಿದಾದ ಉದ್ದ ರೆಕ್ಕೆ, ಬಾಲದಲ್ಲಿ ಮೊಟ್ಟೆಯಾಕಾರದ ಎರಡು ಹಲಗೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಲಿಬರೇಟರ್ ನಿಂತಿರುವ ಚಿತ್ರವೆಂದರೆ ‘ಯುದ್ಧಕಾಲದಲ್ಲಿ ಅಮೆರಿಕನ್ನರ ರಿಪೇರಿ’ ಎಂದು ಬರೆದುಬಿಡುವುದು ಸುಲಭ. ಆದರೆ ಇದೇ ವಿಮಾನ ಅದೇ ಅಂಗಳಕ್ಕೆ ಎರಡನೆಯ ಸಲ ಬಂದಿತು.

ಯುದ್ಧ ಮುಗಿದಾಗ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. 1948ರಲ್ಲಿ ಬಾಂಬರ್‌ಗಳ ಅಗತ್ಯ ಬಿದ್ದಾಗ ಹಿಂದೂಸ್ಥಾನ್ ಏರ್‌ಕ್ರಾಫ್ಟಿನ ಜನ ಆ ಗುಜರಿಯೊಳಗೆ ಇಳಿದರು. ಇದರ ರೆಕ್ಕೆ, ಅದರ ಎಂಜಿನ್ನು ಎಂದು ಹೊಂದಿಸಿ, ಹಾರಲು ಬೇಕಾದಷ್ಟು ಮಾತ್ರ ಸರಿಮಾಡಿದರು. ಕಂಪನಿಯ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದರು. ಎಂಥ ಎದೆಗಾರಿಕೆ ಬೇಕು ಅದಕ್ಕೆ! ಬೆಂಗಳೂರಿನಲ್ಲಿ ಪೂರಾ ಬಿಚ್ಚಿ, ಕೂಡಿಸಿ, ವಾಯುಪಡೆಗೆ ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಅವುಗಳೊಂದಿಗೆ ಶುರುವಾಯಿತು. ಕೊನೆಯ ಲಿಬರೇಟರ್ ನಿವೃತ್ತಿಯಾದದ್ದು 1968ರಲ್ಲಿ, ಬೇರೆ ಯಾವ ದೇಶದ ವಾಯುಪಡೆಯಲ್ಲೂ ಅದು ಉಳಿಯದಿದ್ದಾಗ. ಇಂದು ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂ, ಇಲ್ಲೆಲ್ಲ ಇರುವ ಲಿಬರೇಟರ್‌ಗಳು ಭಾರತದಿಂದ ಹೋದವು.

ಈ ಎರಡು ಕಾಲಗಳನ್ನು ಬೇರ್ಪಡಿಸುವುದು ಆ ಸಣ್ಣ ವೃತ್ತವೇ. ಪಟ್ಟಿ ಇರುವ ನಕ್ಷತ್ರವಾದರೆ ಅಮೆರಿಕನ್ನರದು. ಕಡುಬಣ್ಣದ ನಡುವೆ ತಿಳಿ ಚುಕ್ಕೆಯಾದರೆ ಬ್ರಿಟಿಷರದು, ಅಥವಾ ಕಾನ್ಪುರದಿಂದ ಆಗಷ್ಟೇ ಬಂದು ಇನ್ನೂ ಬಣ್ಣ ಕಾಣದ್ದು. ಬಿಳಿ ಬಳೆಯೊಳಗೆ ಕಪ್ಪು ನಡುವೋ ಚಕ್ರವೋ ಇದ್ದರೆ, ಅಲ್ಲಿ ಏಣಿ ಮೇಲೆ ನಿಂತವರು ಸ್ವತಂತ್ರ ಭಾರತದ ವಿಮಾನವನ್ನು ಕಟ್ಟುತ್ತಿದ್ದಾರೆ. ಅನುಮಾನ ಉಳಿದರೆ ನಂಬರ್ ನೋಡಿ. ಅಮೆರಿಕನ್ನರದು ಬಾಲದ ಮೇಲೆ ಬರೀ ಅಂಕಿ. ಅದರ ಮೊದಲಂಕಿ ಖರೀದಿಯ ಹಣಕಾಸು ವರ್ಷದ ಕೊನೆಯ ಅಂಕಿ, 4 ಎಂದರೆ 1944. ವಿಮಾನ ತಯಾರಾದ ವರ್ಷವೆಂದು ಓದಬಾರದು. ಬ್ರಿಟಿಷರದು ಎರಡು ಅಕ್ಷರ, ಮೂರು ಅಂಕಿ. ನಮ್ಮದೂ ಹಾಗೆಯೇ, ಆದರೆ ಲಿಬರೇಟರ್‌ಗಳಿಗೆ ಎಚ್‌ಇ ಎಂಬ ಅಕ್ಷರ. ಲಂಡನ್ನಿನಲ್ಲಿರುವ ವಿಮಾನ ಬ್ರಿಟಿಷರಿಗೆ ಕೆಎನ್751 ಆಗಿತ್ತು, ಭಾರತದಲ್ಲಿ ಎಚ್‌ಇ807 ಆಯಿತು.

ಇದನ್ನು ಓದುವವರಲ್ಲಿ ಕೆಲವರ ಅಜ್ಜನೋ ದೊಡ್ಡಪ್ಪನೋ ಆ ಕಾರ್ಖಾನೆಯಲ್ಲಿ ಫಿಟ್ಟರೋ ವೆಲ್ಡರೋ ಆಗಿದ್ದಿರಬಹುದು. ಊರಿಗೆ ಹೋದಾಗ ಟ್ರಂಕಿನಲ್ಲಿ ಅಂಥ ಗುಂಪು ಚಿತ್ರ ಸಿಕ್ಕರೆ ಮುಖಗಳನ್ನಷ್ಟೇ ಕತ್ತರಿಸಿ ಮೊಬೈಲಿಗೆ ಹಾಕಿಕೊಳ್ಳಬೇಡಿ. ಹಿಂದೆ ನಿಂತಿರುವ ವಿಮಾನದ ಬಾಲ ಸೇರುವಂತೆ ಪೂರ್ತಿ ಸ್ಕ್ಯಾನ್ ಮಾಡಿ, ಹಿಂಬದಿಯ ಪೆನ್ಸಿಲ್ ಬರಹವನ್ನೂ ಬಿಡಬೇಡಿ.