ಚಾಳು ಮತ್ತು ಸೆಟ್ಲಮೆಂಟು: ಸುಧಾರಣೆಯ ಚರಿತ್ರೆಯನ್ನು ಓದುವ ಬಗೆ

ಮೂರು ವರ್ಷಗಳ ಹಿಂದೆ ಇಲ್ಲಿನ ಕಾಲೇಜಿಗೆ ಬಂದಾಗ ಜಲನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಮನೆ ತೋರಿಸಿದವರು ಗಾಳಿ ಬೆಳಕು ಎಷ್ಟು ಚಲೋ ಇದೆ, ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೆ ಎಂದೆಲ್ಲ ಹೇಳಿ, ಕೊನೆಗೆ ಬಾಗಿಲಲ್ಲಿ ನಿಂತು, 'ಸರ್, ತಪ್ಪು ತಿಳೀಬ್ಯಾಡ್ರಿ, ತಮ್ಮದು ಯಾವ ಮಂದಿ?' ಎಂದರು. ಹೇಳಿದೆ. ಮರುದಿನ ಆ ಮನೆಗೆ ಅವರ ಬೀಗರು ಬರುವವರಿದ್ದರು.

ಅದೇ ವಾರ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ನಡೆದಿತ್ತು. ಚಾಡ್ವಿಕ್‌ನ 1842ರ ವರದಿ, 1847ರ ಹತ್ತು ಗಂಟೆಗಳ ಕಾಯಿದೆ, 1848ರ ಸಾರ್ವಜನಿಕ ಆರೋಗ್ಯ ಕಾಯಿದೆ. ನಮ್ಮ ಪಠ್ಯಗಳಲ್ಲಿ ಇದೊಂದು ನೇರವಾದ ಕತೆ. ಕಾರ್ಖಾನೆ ಬಂತು, ಕೊಳೆಗೇರಿ ಹುಟ್ಟಿತು, ಸುಧಾರಕರು ಎದ್ದರು, ಕಾನೂನು ಆಯಿತು. ಗಾಳಿ, ಬೆಳಕು, ನೀರು. ನನಗೆ ಮನೆ ತೋರಿಸಿದವರೂ ಅಷ್ಟನ್ನೇ ಹೇಳಿದ್ದರು, ಬಾಗಿಲಿಗೆ ಬರುವ ತನಕ.

ಕೊಳೆಗೇರಿ ಎಂಬ ನಮ್ಮ ಮಾತಿನೊಳಗೇ ಕೇರಿ ಇದೆ. ಮ್ಯಾಂಚೆಸ್ಟರಿನ ಕೊಳಕು ಓಣಿಗಳು ಗಿರಣಿಯ ಜೊತೆ ಬೆಳೆದವು. ನಮ್ಮ ಕೇರಿ ಗಿರಣಿಗಿಂತ ಎಷ್ಟೋ ಹಳೆಯದು. ಹಾಗಾಗಿ ಇಲ್ಲಿನ ವಸತಿ ಸುಧಾರಣೆಯ ಚರಿತ್ರೆಯನ್ನು 'ಕಾರ್ಮಿಕ' ಎಂಬ ಒಂದೇ ಪದದಿಂದ ಬರೆಯಲು ಹೊರಟವರು ಅರ್ಧ ಚರಿತ್ರೆಯನ್ನು ಬಿಟ್ಟೇ ಬರೆದಿದ್ದಾರೆ ಎಂಬುದು ನನ್ನ ತಕರಾರು.

ನಮ್ಮ ಭಾಗದಿಂದಲೇ ನೋಡೋಣ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ (1885ರಲ್ಲಿ ಅದರ ಕೇಂದ್ರ ಬಿಜಾಪುರಕ್ಕೆ ಬಂತು) ಸತ್ತವರು, ಊರು ಬಿಟ್ಟವರು ಸೇರಿ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಿತು. ಅದೇ ಬರದ ನಡುವೆ, 1877ರಲ್ಲಿ, ಸೊಲ್ಲಾಪುರದ ಹಳೇ ಗಿರಣಿ ಶುರುವಾಯಿತು. 1884ರಲ್ಲಿ ಹೊಟಗಿ–ಗದಗ ರೈಲು ಬಿಜಾಪುರವನ್ನು ಸೊಲ್ಲಾಪುರಕ್ಕೂ ಮುಂಬಯಿಗೂ ಕಟ್ಟಿಹಾಕಿತು. ಮಳೆ ಕೈಕೊಟ್ಟರೆ 'ದುಡಿಯಾಕ ಹೋಗೂದು' ಈ ಕಡೆಯ ಮಂದಿಗೆ ಹೊಸದಲ್ಲ. ಇವತ್ತು ಗೋವಾಕ್ಕೆ ಹೋಗುತ್ತಾರೆ, ಅವತ್ತು ಗಿರಣಿಗೆ ಹೋದರು.

ಆದರೆ ಗಿರಣಿಯ ಒಳಗೂ ಒಂದು ಊರಿತ್ತು, ಒಂದು ಕೇರಿಯಿತ್ತು. ಮುಂಬಯಿಯ ಗಿರಣಿಗಳಲ್ಲಿ ಕೂಲಿ ಹೆಚ್ಚಿದ್ದದ್ದು ನೇಯ್ಗೆ ಖಾತೆಯಲ್ಲಿ. ಅಸ್ಪೃಶ್ಯರಿಗೆ ಅಲ್ಲಿ ಪ್ರವೇಶವಿರಲಿಲ್ಲ, ನೂಲುವ ಖಾತೆಯಷ್ಟೇ ಅವರ ಪಾಲು. ಕಾರಣ ಒಂದು ಎಳೆ ನೂಲು. ಕಂಡಿಕೆ ತೀರಿದಾಗ ಹೊಸದನ್ನು ಹಾಕಿ, ಲಾಳಿಯ ತೂತಿಗೆ ಬಾಯಿ ಹಚ್ಚಿ, ಉಸಿರಿನಿಂದ ನೂಲನ್ನು ಹೊರಗೆ ಎಳೆಯಬೇಕಿತ್ತು. ದಲಿತನ ಬಾಯಿ ಮುಟ್ಟಿದ ಲಾಳಿಯನ್ನು ಸವರ್ಣ ನೇಕಾರ ಮುಟ್ಟುವುದು ಹೇಗೆ? ಲ್ಯಾಂಕಾಶೈರಿನಲ್ಲೂ ಇಂಥದೇ ಲಾಳಿ ಇತ್ತು, ಅದರ ಬಗ್ಗೆಯೂ ದೂರುಗಳಿದ್ದವು. ಅಲ್ಲಿ ಜನ ಹೆದರಿದ್ದು ಕ್ಷಯರೋಗಕ್ಕೆ. ಒಂದೇ ಯಂತ್ರ ಹಡಗು ಹತ್ತಿ ಬಂದು ಇಲ್ಲಿ ಮೈಲಿಗೆಯನ್ನು ಕಲಿತುಕೊಂಡಿತು. ಬಂಡವಾಳ ಬಂದರೆ ಜಾತಿ ತಾನಾಗಿ ಕರಗುತ್ತದೆಂದು ಈಗಲೂ ವಾದಿಸುವ ಗೆಳೆಯರು ಈ ಲಾಳಿಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

1928ರ ಗಿರಣಿ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದಿಟ್ಟರು. ಎಲ್ಲ ಖಾತೆಗಳಲ್ಲೂ ದುಡಿಯುವ ಹಕ್ಕನ್ನು ನೀವು ಒಪ್ಪದಿದ್ದರೆ ನಮ್ಮವರು ಮುಷ್ಕರಕ್ಕೆ ಬರುವುದಿಲ್ಲ ಎಂಬುದು ಅವರ ನಿಲುವು. ನಾಯಕರು ಒಲ್ಲದ ಮನಸ್ಸಿನಿಂದ ಬೇಡಿಕೆ ಸೇರಿಸಿದರು. ಮಾಲೀಕರೋ, ಈ ತಪ್ಪು ನಮ್ಮದಲ್ಲ ಎಂದು ಕೈತೊಳೆದುಕೊಂಡರು. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು ಎನ್ನುವುದೇ ನೋವಿನ ಸಂಗತಿ. ತಡೆದವರು ಪಕ್ಕದ ಮಗ್ಗದವರು.

ಮನೆಯ ಕತೆಯೂ ಇಷ್ಟೇ. 1896ರ ಪ್ಲೇಗಿನ ಭಯದಿಂದ 1898ರಲ್ಲಿ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1920ರ ದಶಕದಲ್ಲಿ ಡೆವಲಪ್‌ಮೆಂಟ್ ಇಲಾಖೆ ವರಳಿ, ನಾಯಗಾಂವ ಮೊದಲಾದ ಕಡೆ 207 ಬಿಡಿಡಿ ಚಾಳುಗಳನ್ನು ಕಟ್ಟಿತು. ಒಂದು ಖೋಲಿ 160 ಚದರ ಅಡಿ, ನಳ ಮತ್ತು ಸಂಡಾಸು ಎಲ್ಲರಿಗೂ ಸೇರಿ. ಅಂಬೇಡ್ಕರರ ಸಂಸಾರ ಪರಳದ ಟ್ರಸ್ಟ್ ಚಾಳಿನ ಎರಡು ಖೋಲಿಗಳಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಗೋಡೆಯ ಅಳತೆ ಹಾಕಿದ ಎಂಜಿನಿಯರಿಗೆ ನಳದ ಮುಂದಿನ ಪಾಳಿ ಕಾಣಿಸಲಿಲ್ಲ. 1974ರ ಜನವರಿಯಲ್ಲಿ ಅದೇ ವರಳಿಯ ಚಾಳುಗಳಲ್ಲಿ ದಲಿತರ ಮೇಲೆ ಕಲ್ಲು ಬಿದ್ದಾಗ, ಪ್ಯಾಂಥರ್ ಹುಡುಗರು ಎದುರು ನಿಂತಾಗ, ಕಟ್ಟಡಗಳಿಗೆ 50 ವರ್ಷ ಆಗಿತ್ತು.

ಮುಂಬಯಿಯ ಮಾತು ಸಾಕು, ಬಿಜಾಪುರಕ್ಕೆ ಬರುತ್ತೇನೆ. ಇಲ್ಲಿಯೂ ಒಂದು 'ವಸತಿ ಸುಧಾರಣೆ' ನಡೆದಿದೆ, ನಮ್ಮ ದಲಿತ ಚಿಂತನೆಯೂ ಅದರ ಕಡೆ ಸರಿಯಾಗಿ ತಿರುಗಿ ನೋಡಿಲ್ಲ. ಹುಟ್ಟಿನಿಂದಲೇ ಕಳ್ಳರೆಂದು ಜಾತಿಗಳನ್ನು ಪಟ್ಟಿ ಮಾಡಿದ ಕಾಯಿದೆ 1871ರದು. 1911ರಲ್ಲಿ ಅದು ಮುಂಬಯಿ ಪ್ರಾಂತಕ್ಕೂ ಬಂತು. ಅದಕ್ಕೂ ಸ್ವಲ್ಪ ಮೊದಲೇ, ಬಿಜಾಪುರ ಜಿಲ್ಲೆಯಲ್ಲಿದ್ದ ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಘಂಟಿಚೋರರು, ಹರಣಶಿಕಾರಿಗಳಂಥ ಸಮುದಾಯಗಳನ್ನು ಒಂದೆಡೆ ನೆಲೆಗೊಳಿಸುವ ಕೆಲಸ ಆರಂಭಿಸಿದ್ದರು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಗುಡಿಸಲು, ಶಾಲೆ, ಗಿರಣಿಯಲ್ಲಿ ಕೆಲಸ, ಜೊತೆಗೆ ಹೊರಗೆ ಹೋಗಲು ಪಾಸು, ದಿನದ ಹಾಜರಿ. ಸೊಲ್ಲಾಪುರದಲ್ಲಿ ಸುತ್ತ ಮುಳ್ಳುತಂತಿಯೂ ಇತ್ತು. ಗಿರಣಿಗೆ ಬಿಟ್ಟುಹೋಗಲಾರದ ಆಳು ಸಿಕ್ಕಿತು, ಸರಕಾರಕ್ಕೆ ಸುಧಾರಣೆಯ ವರದಿ ಸಿಕ್ಕಿತು. ಆ ಶಾಲೆಯಲ್ಲಿ ಅಕ್ಷರ ಕಲಿತವರಿದ್ದಾರೆ, ಅದನ್ನು ನಾನು ಅಲ್ಲಗಳೆಯಲಾರೆ. ಹಾಗೆಂದು ಅಕ್ಷರಕ್ಕೆ ತಂತಿಬೇಲಿ ಅಗತ್ಯವಿತ್ತೆಂದು ಒಪ್ಪಲೂ ಆರೆ.

ಇದೇ ಸ್ಟಾರ್ಟೆ 1928ರಲ್ಲಿ ಮುಂಬಯಿ ಸರಕಾರ ನೇಮಿಸಿದ ದಲಿತ ವರ್ಗಗಳ ಮತ್ತು ಆದಿವಾಸಿಗಳ ಸಮಿತಿಗೆ ಅಧ್ಯಕ್ಷರಾದರು. ಅಂಬೇಡ್ಕರ್ ಅದರ ಸದಸ್ಯರು. ವರದಿ ಬಂದದ್ದು 1930ರಲ್ಲಿ. ಬೇಲಿ ಹಾಕಿದ ಸುಧಾರಕ, ಬೇಲಿ ಮುರಿಯಬೇಕೆಂದ ವಿಮರ್ಶಕ ಒಂದೇ ಮೇಜಿನ ಸುತ್ತ ಕೂತ ಆ ದೃಶ್ಯವನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತೇನೆ. 1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಮುಂದೆ ಬ್ರಾಹ್ಮಣ್ಯ ಮತ್ತು ಬಂಡವಾಳ ಎರಡೂ ನಿಮ್ಮ ಶತ್ರುಗಳೆಂದು ಹೇಳಿದ ಅಂಬೇಡ್ಕರ್, 1942ರಿಂದ 46ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ವಾರಕ್ಕೆ 48 ಗಂಟೆಗಳ ತಿದ್ದುಪಡಿಯನ್ನೂ ತಂದರು. ಕಾನೂನನ್ನು ಅವರು ಹಗುರವಾಗಿ ಕಂಡವರಲ್ಲ. ಆದರೆ ಗಂಟೆ ಎಣಿಸಿದ ಕಾನೂನು ಲಾಳಿಯ ಹತ್ತಿರ ಹೋಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. 1961ರಲ್ಲಿ ನಮ್ಮ ರಾಜ್ಯ ರೂಢಿಗತ ಅಪರಾಧಿಗಳ ಕಾಯಿದೆ ಮಾಡಿಕೊಂಡಿತು.

ಕಳೆದ ವರ್ಷ ಈ ಪಾಠವನ್ನು ಸೆಟ್ಲಮೆಂಟಿನವರೆಗೆ ತಂದು ನಿಲ್ಲಿಸಿದ ದಿನ, ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಹತ್ತಿರ ಬಂದ. ನಾನು ಹಾಜರಿ ಪುಸ್ತಕ ಮುಚ್ಚುತ್ತಿದ್ದೆ.

'ನಮ್ಮ ಮುತ್ತ್ಯಾನೂ ಹಾಜರಿ ಕೊಡತಿದ್ದ್ರೀ ಸರ್,' ಎಂದ. 'ಸೊಲ್ಲಾಪುರದಾಗ. ಗಿರಣಿಯಿಂದ ಬಂದ ಮ್ಯಾಲ.'

ಮತ್ತೇನು ಹೇಳುತ್ತಿದ್ದ ಅಂತ ಕೇಳಿದೆ. ಅದೊಂದನ್ನು ಬಿಟ್ಟು ಮುತ್ತ್ಯಾ ಏನೂ ಹೇಳುತ್ತಿರಲಿಲ್ಲವಂತೆ.