ನಮ್ಮ ಸೀಮೆಯ ಆಲೆಮನೆ ಮತ್ತು ಹೊಗೆಗೂಡಿನ ನೀರು

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದವರು ಮನೆಗೆ ಬಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹಳೆಯ ಆಲೆಮನೆ. ಸಂಘ ಬೆಳೆದು ಬಂದ ದಾರಿಯನ್ನು ನನಗಿಂತ ತಿಳಿದವರು ಬರೆಯುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದ ಹಿರಿಯರು ನೀರಿನೊಡನೆ ಪಟ್ಟ ಪಾಡನ್ನು ನಾನು ಸ್ವಲ್ಪ ಹೇಳುತ್ತೇನೆ. ನೀರೆಂದರೆ ಗದ್ದೆಯ ನೀರಲ್ಲ, ಒಲೆಯ ಹೊಗೆಗೂಡಿನೊಳಗಿನ ನೀರು!

ಬೆಲ್ಲ ಮಾಡುವುದೆಂದರೆ ನೀರನ್ನು ಓಡಿಸುವುದು, ಅಷ್ಟೇ. ನೂರು ಕಿಲೋ ಕಬ್ಬು ಅರೆದರೆ ಕೊನೆಗೆ ಕೈಗೆ ಬರುವ ಬೆಲ್ಲ ಹತ್ತು ಕಿಲೋ ಆಸುಪಾಸು. ಹಾಲಿನಲ್ಲಿ ನೂರಕ್ಕೆ 80 ಪಾಲು ನೀರೇ. ಅದು ಕೊಪ್ಪರಿಗೆಯಿಂದ ಆವಿಯಾಗಿ ಮಾಡಿನ ಸಂದಿಯಲ್ಲಿ ಹೋಗುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ. ಕಣ್ಣಿಗೆ ಕಾಣದ್ದು ಒಲೆಯೊಳಗಿನ ನೀರು. ಗಾಣದಿಂದ ಆಗಷ್ಟೇ ಹೊರಬಂದ ಕಬ್ಬಿನ ಸಿಪ್ಪೆಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರಿರುತ್ತದೆ. ಚೆನ್ನಾಗಿ ಒಣಗಿದ ಸಿಪ್ಪೆ ಸುಟ್ಟರೂ ನೀರು ತಪ್ಪುವುದಿಲ್ಲ. ಒಂದು ಕಿಲೋ ಉರಿದರೆ ಅರ್ಧ ಕಿಲೋದಷ್ಟು ನೀರು ಹೊಸದಾಗಿ ಹುಟ್ಟಿ ಹೊಗೆಯೊಡನೆ ಸೇರುತ್ತದೆ. ಹೊಗೆಗೂಡು ಬಿಸಿಯಾಗಿದ್ದರೆ ಅದು ಆವಿಯಾಗಿಯೇ ಆಕಾಶಕ್ಕೆ ಹೋಯಿತು. ಗೂಡು ತಣ್ಣಗಿದ್ದರೆ ಒಳಗಿನ ಗೋಡೆಗೆ ಹನಿಗಟ್ಟಿ, ಮಸಿ ಕಲಸಿಕೊಂಡು, ಕಪ್ಪು ಕಷಾಯದ ಹಾಗೆ ಕೆಳಗಿಳಿಯುತ್ತದೆ. ಈ ಕಷಾಯ ಹುಳಿ ಗುಣದ್ದು. ಸುಣ್ಣದ ಗಾರೆಯನ್ನು ತಿನ್ನುತ್ತದೆ, ತಗಡಿನ ಕೊಳವೆಯಾದರೆ ತುಕ್ಕು ಹಿಡಿಸುತ್ತದೆ.

ಹಿಂದೆ ಗೂಡೇ ಇಲ್ಲದ ಒಲೆಗಳಿದ್ದವು. ಗುಂಡಿ ತೋಡಿ, ಮೇಲೆ ಕೊಪ್ಪರಿಗೆ ಇಟ್ಟು, ಹೊಗೆ ಹೋದಲ್ಲಿ ಹೋಗಲಿ ಎಂದು ಬಿಟ್ಟುಬಿಡುವುದು. ಮರದ ಗಾಣಕ್ಕೆ ಕೋಣ ಕಟ್ಟಿ ಅರೆದರೆ ಸಿಪ್ಪೆಯಲ್ಲಿ ಹಾಲು ಬಹಳ ಉಳಿದು ಒಣಗುವುದೇ ಕಷ್ಟ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಎತ್ತು ಎಳೆಯುವ ಕಬ್ಬಿಣದ ಗಾಣ ತಯಾರಾಗಿ ದೇಶದ ಹಲವು ಕಡೆ ಹರಡಿತು. ಕಬ್ಬಿಣದ ಗಾಣದಿಂದ ಹಾಲು ಹೆಚ್ಚು ಬಂತೆಂದು ಎಲ್ಲರೂ ಹೊಗಳುತ್ತಾರೆ. ಸಿಪ್ಪೆ ಬೇಗ ಒಣಗಿ ಉರಿ ಜೋರಾದದ್ದೂ ಅಷ್ಟೇ ದೊಡ್ಡ ಲಾಭ ಎಂದು ನನ್ನ ಎಣಿಕೆ.

ಕರಾವಳಿಯವರ ಕಣ್ಣಿಗೆ ಎತ್ತರದ ಚಿಮಣಿ ಪರಿಚಯವಾದದ್ದು ಹಂಚಿನ ಕಾರ್ಖಾನೆಗಳಿಂದ ಇರಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚು ಸುಡಲು ಆರಂಭಿಸಿದರು. ನಮ್ಮ ಮನೆಯ ಗೂಡು ಮುರಕಲ್ಲಿನದು, ಆಳೆರಡು ಎತ್ತರ. ಮುರಕಲ್ಲು ನೀರು ಹೀರುವ ಕಲ್ಲು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಾಯಿ ತೆರೆದ ಗೂಡು ಆ ನಾಲ್ಕು ತಿಂಗಳೂ ಕುಡಿಯುತ್ತಲೇ ಇರುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ವರ್ಷ ತುಳಸಿ ಪೂಜೆ ಕಳೆದ ಮೇಲೂ ಮಳೆ ಬಿಟ್ಟಿರಲಿಲ್ಲ. ಕಬ್ಬು ಕಡಿದಾಗಿದೆ, ಆಳುಗಳು ಬಂದಾಗಿದೆ ಎಂದು ಅಪ್ಪಯ್ಯ ಒಮ್ಮೆಲೇ ಜೋರು ಬೆಂಕಿ ಹಾಕಿಸಿದರು. ಹೊಗೆ ಮೇಲೆ ಹೋಗುವ ಬದಲು ಒಲೆಯ ಬಾಯಿಂದ ತಿರುಗಿ ಬಂತು. ಗೂಡಿನ ಬುಡದಿಂದ ಕಪ್ಪು ನೀರು ಹರಿಯಿತು. ಅಜ್ಜಯ್ಯ ಜಗಲಿಯಿಂದಲೇ, "ಗೂಡ್ ನೀರ್ ಕುಡ್ಕಂಡ್ ಕೂತಿತ್ ಮಗಾ, ಹೊಗಿ ಎಲ್ಲಿಗ್ ಹೋತ್?" ಎಂದರು. ಅಷ್ಟರಲ್ಲಿ ಕಲ್ಲಿನೊಳಗಿನ ನೀರು ಆವಿಯಾಗಿ ಉಬ್ಬಿ ಗೋಡೆ ಬಿರಿಯಿತು. ಹಾಲು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೂತು ಕಪ್ಪಾಯಿತು. ಹಾಗೆ ಕೂತರೆ ಅದರ ಸಕ್ಕರೆಯ ಗುಣವೇ ಬದಲಾಗಿ ಪಾಕ ಗಟ್ಟಿಯಾಗುವುದಿಲ್ಲ. ಪೇಟೆಯಲ್ಲಿ ಅರ್ಧ ಬೆಲೆ ಕೇಳಿದರು. ಆ ವರ್ಷ ಅಕ್ಕನ ಮದುವೆ ನಿಶ್ಚಯವಾಗಿತ್ತು, ಮುಂದಕ್ಕೆ ಹೋಯಿತು.

ಮರುವರ್ಷದಿಂದ ಅಜ್ಜಯ್ಯ ಹೇಳಿದ ಕ್ರಮ. ಕೊನೆಯ ಪಾಕ ಇಳಿದ ದಿನವೇ ಗೂಡಿನ ಬಾಯಿಗೆ ದೊಡ್ಡ ಮಣ್ಣಿನ ಮಡಕೆ ಕವುಚಿ, ಸುತ್ತ ಮಡಲಿನ ತಟ್ಟಿ ಕಟ್ಟುವುದು. ಒಲೆಯ ಬೂದಿ ಪೂರ್ತಿ ತೆಗೆಯುವುದು. ಬೂದಿ ಉಳಿದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗೂಡಿನ ಬುಡದಲ್ಲಿ ನೀರು ಬಸಿಯಲು ಒಂದು ತೂತು. ಹಂಗಾಮಿಗೆ ಮೊದಲು ಎರಡು ಮೂರು ದಿನ ಬರೀ ತೆಂಗಿನ ಚಿಪ್ಪು, ಒಣ ಸಿಪ್ಪೆಯ ಸಣ್ಣ ಬೆಂಕಿ, ಕೊಪ್ಪರಿಗೆಯಲ್ಲಿ ಬರೀ ನೀರು. ಗೋಡೆಗೆ ಕೈಯಿಟ್ಟು ಬಿಸಿ ತಾಗಿದ ಮೇಲಷ್ಟೇ ಗಾಣ ಕಟ್ಟುವುದು. ಒಲೆಯನ್ನೂ ಬೈಲಿನಿಂದ ತೆಗೆದು ಬೆಟ್ಟು ಗದ್ದೆಯ ಬದಿಗೆ ತಂದರು, ಏಕೆಂದರೆ ಬೈಲಿನಲ್ಲಿ ತೋಡಿದ ಒಲೆಗುಂಡಿಗೆ ಕೆಳಗಿನಿಂದಲೇ ಒರತೆ. ಇದಕ್ಕೆ ಖರ್ಚಾದದ್ದು ಒಂದು ಮಡಕೆ ಮತ್ತು ನಾಲ್ಕು ದಿನದ ತಾಳ್ಮೆ.

ಇಷ್ಟು ಮಾಡಿದರೂ ನಮ್ಮ ಹವೆಯಲ್ಲಿ ಅಚ್ಚುಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ಈ ಕಡೆಯ ಮನೆಗಳಲ್ಲಿ ಡಬ್ಬಿಗೆ ತುಂಬಿದ ಜೋನಿ ಬೆಲ್ಲಕ್ಕೆ ಮರ್ಯಾದೆ ಬಂದದ್ದು ಬರೀ ದೋಸೆಗೆ ರುಚಿ ಎಂದಲ್ಲ.

ದೂರದ ಕೆನಡಾದಲ್ಲೂ ಅಮೆರಿಕದ ವರ್ಮಾಂಟ್‌ನಲ್ಲೂ ಮೇಪಲ್ ಎಂಬ ಮರದ ರಸ ಕಾಯಿಸಿ ಪಾಕ ಮಾಡುತ್ತಾರೆ. ಅಲ್ಲಿ ಒಂದು ಲೀಟರ್ ಪಾಕಕ್ಕೆ 40 ಲೀಟರ್ ರಸ ಬೇಕು! ಚಳಿ ಇನ್ನೂ ಬಿಡದ ಕಾಲದಲ್ಲೇ ಅವರ ಕೆಲಸ. ಆವಿ ಹೋಗಲು ಮಾಡಿನ ನೆತ್ತಿಯಲ್ಲಿ ಬೇರೆ ಗೂಡು, ಹೊಗೆಗೆ ಬೇರೆ ಕೊಳವೆ, ಕೆಲಸ ಮುಗಿದ ಮೇಲೆ ಕೊಳವೆಗೆ ಮುಚ್ಚಳ. ಅಜ್ಜಯ್ಯನ ಮಡಕೆಯೂ ಅದೇ ಅಲ್ಲವೇ?

1980ರ ದಶಕದಲ್ಲಿ ಬ್ರಹ್ಮಾವರದಲ್ಲಿ ದಕ್ಷಿಣ ಕನ್ನಡ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿದಾಗ ಮನೆಯ ಆಲೆಗಳು ಒಂದೊಂದಾಗಿ ನಿಂತವು. ನಾವೂ ಕಬ್ಬನ್ನು ಲಾರಿಗೆ ಹಾಕಿದೆವು. 1979ರ ವಾರಾಹಿ ಯೋಜನೆಯ ನೀರು ಬರುತ್ತದೆ, ಊರೆಲ್ಲ ಕಬ್ಬಾಗುತ್ತದೆ ಎಂದು ಆಸೆಯಿತ್ತು. ಕಾಲುವೆಯಲ್ಲಿ ನೀರು ಹರಿದದ್ದು 2015ರಲ್ಲಿ. ಕಾರ್ಖಾನೆ 2000ದ ದಶಕದಲ್ಲೇ ನಿಂತಿತ್ತು. ಹಿಂದೆ ಬರೋಣವೆಂದರೆ ಗಾಣ ಮಾರಿಯಾಗಿತ್ತು, ಮಡಕೆ ಕವುಚುವವರಿಲ್ಲದೆ ಗೂಡಿನ ಬಾಯಿ ಹಲವು ಮಳೆಗಾಲ ತೆರೆದೇ ಇತ್ತು. ಈಗ ಬುಡದ ನಾಲ್ಕು ವರಿ ಕಲ್ಲು ಉಳಿದಿದೆ. ಮಗ ಈ ವರ್ಷ ಅರ್ಧ ಎಕ್ರೆ ಕಬ್ಬು ನೆಟ್ಟಿದ್ದಾನೆ. ಹಳೆಯ ಜಾಗದಲ್ಲೇ ಒಲೆ ಕಟ್ಟುವುದೋ, ಇನ್ನಷ್ಟು ಮೇಲಕ್ಕೋ ಎಂದು ಮೊನ್ನೆ ಕೇಳಿದ. ಮೇಲಕ್ಕೇ ಕಟ್ಟು, ಮೊದಲು ಮಡಕೆ ತಂದಿಡು ಎಂದಿದ್ದೇನೆ.