ದೂರದಿಂದ ಬಂದ ಹಾರೈಕೆ

ಹುಟ್ಟಿದ ದಿನಕ್ಕೆ ಶುಭ ಕೋರುವುದು ಪಶ್ಚಿಮದಿಂದ ಬಂದ ಹೊಸ ಪದ್ಧತಿ ಎಂದು ಹೇಳುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕೇಕು, ಮೇಣದ ಬತ್ತಿ, ಬಣ್ಣದ ಕಾರ್ಡು ಇವೆಲ್ಲ ಹೊರಗಿನಿಂದ ಬಂದವು, ನಿಜ. ಆದರೆ ಹುಟ್ಟಿದ ದಿನವನ್ನು ನೆನೆದು ಆಯುಷ್ಯವನ್ನು ಕೋರುವ ರೂಢಿ ನಮಗೆ ಹೊಸದಲ್ಲ. ಜನ್ಮನಕ್ಷತ್ರದ ದಿನ ಎಣ್ಣೆನೀರು, ಹಣೆಗೆ ಕುಂಕುಮ, ಆರತಿ, ಪಾಯಸ, ಹಿರಿಯರ ಪಾದಕ್ಕೊಂದು ನಮಸ್ಕಾರ, ತಲೆಯ ಮೇಲೆ ನಾಲ್ಕು ಕಾಳು ಅಕ್ಷತೆ—ಇಷ್ಟಾದರೆ ಮನೆಯ ವರ್ಧಂತಿ ಸಾಂಗವಾಯಿತು. ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ, ಎಂಬತ್ತು ದಾಟಿದವರಿಗೆ ಸಹಸ್ರಚಂದ್ರದರ್ಶನ. ಮೈಸೂರಿನ ಅರಸರ ವರ್ಧಂತಿಯಂತೂ ಊರಿಗೆಲ್ಲ ಹಬ್ಬವಾಗಿತ್ತು.

ಇಷ್ಟಿದ್ದೂ ಈ ಆಚರಣೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇವೆಲ್ಲ ಎದುರೆದುರಿನಲ್ಲಿ ನಡೆಯತಕ್ಕವು. ಹರಸುವ ಕೈ, ಬಾಗುವ ತಲೆ ಎರಡೂ ಒಂದೇ ಹೊಸ್ತಿಲಿನ ಒಳಗಿರುತ್ತವೆ. ಅಲ್ಲಿ ಹಾರೈಕೆಯನ್ನು ಆಡಿದರೆ ಸಾಕು, ಕಳುಹಿಸಬೇಕಾಗಿಲ್ಲ. ಹಾರೈಕೆಯನ್ನು ಕಳುಹಿಸುವ ಅಗತ್ಯ ಹುಟ್ಟುವುದು ಅಗಲಿಕೆಯಿಂದ. ಗಂಡ ದಂಡಿಗೆ ಹೋಗಿದ್ದಾನೆ, ಮಗಳು ಪರದೇಶ ಸೇರಿದ್ದಾಳೆ, ತಂದೆ ಸೆರೆಮನೆಯಲ್ಲಿದ್ದಾನೆ. ಆ ದಿನ ಮಾತ್ರ ಯಾರಿಗೂ ಕಾಯದೆ ಬಂದೇಬಿಡುತ್ತದೆ. ಆಗ ಮನುಷ್ಯ ಏನು ಮಾಡಿದ ಎಂಬುದೇ ಜನ್ಮದಿನದ ಶುಭಾಶಯದ ಚರಿತ್ರೆ. ಅದು ಸಂಭ್ರಮದ ಚರಿತ್ರೆ ಎನ್ನುವುದಕ್ಕಿಂತ ದೂರದ ಚರಿತ್ರೆ ಎನ್ನುವುದು ಸರಿಯಾದೀತು.

ಈ ಚರಿತ್ರೆಗೆ ಒಂದು ಒಳ್ಳೆಯ ಆರಂಭ ಇಂಗ್ಲೆಂಡಿನ ಉತ್ತರದ ಗಡಿಯಲ್ಲಿ ಸಿಕ್ಕಿದೆ. ಅಲ್ಲಿ ವಿಂಡೊಲಾಂಡ ಎಂಬ ರೋಮನ್ ಸೈನ್ಯದ ಕೋಟೆಯಿತ್ತು. ಅದರ ಅವಶೇಷಗಳನ್ನು ಅಗೆಯುವಾಗ ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಕೊಳೆಯದೆ ಉಳಿದ ತೆಳುವಾದ ಮರದ ಹಲಗೆಗಳು ದೊರೆತವು. ಅವುಗಳ ಮೇಲೆ ಶಾಯಿಯ ಬರಹ. 1985ರಲ್ಲಿ ಸಿಕ್ಕ ಒಂದು ಹಲಗೆ ಕ್ಲಾಡಿಯಾ ಸೆವೆರಾ ಎಂಬ ಹೆಂಗಸು ತನ್ನ ಗೆಳತಿ ಸುಲ್ಪಿಸಿಯಾ ಲೆಪಿಡಿನಾಳಿಗೆ ಬರೆದ ಓಲೆ. ಕಾಲ ಕ್ರಿ.ಶ. 100ರ ಸುಮಾರು. ಇಬ್ಬರೂ ಸೇನಾಧಿಕಾರಿಗಳ ಹೆಂಡಂದಿರು. ಬೇರೆ ಬೇರೆ ಕೋಟೆಗಳಲ್ಲಿ ವಾಸ. ಸೆಪ್ಟೆಂಬರ್ 11ರಂದು ನನ್ನ ಹುಟ್ಟುಹಬ್ಬ, ನೀನು ಬಂದರೆ ಆ ದಿನಕ್ಕೆ ಕಳೆ ಬರುತ್ತದೆ ಎಂಬುದು ಒಕ್ಕಣೆಯ ಸಾರ. ತನ್ನ ಗಂಡನೂ ಪುಟ್ಟ ಮಗನೂ ವಂದನೆ ಹೇಳಿದ್ದಾರೆ ಎಂದೂ ಇದೆ.

ಇದು ಶುಭಾಶಯದ ಪತ್ರವಲ್ಲ, ಕರೆಯೋಲೆ. ಆದರೆ ನಾನು ಇದನ್ನು ಮೊದಲು ನೆನೆದದ್ದಕ್ಕೆ ಕಾರಣ ಅದರ ಕೈಬರಹ. ಓಲೆಯ ಬಹುಭಾಗ ವೃತ್ತಿಯ ಲಿಪಿಕಾರನೊಬ್ಬನ ಸ್ಫುಟವಾದ ಅಕ್ಷರ. ಕೊನೆಗೆ ಬಲಬದಿಯಲ್ಲಿ ಮಾತ್ರ ಅಕ್ಷರ ಬದಲಾಗುತ್ತದೆ. ಅಷ್ಟು ನುರಿತ ಕೈಯಲ್ಲ. ಸಾಲು ಸ್ವಲ್ಪ ಓರೆ. ಅದು ಸೆವೆರಾಳ ಸ್ವಂತ ಬರಹ. ಅಕ್ಕನಂತೆ ಕಂಡ ಗೆಳತಿಯನ್ನು ಕಾಯುತ್ತಿರುವೆನೆಂದು ಎರಡು ಮೂರು ಸಾಲು ತಾನೇ ಗೀಚಿ ಮುಗಿಸಿದ್ದಾಳೆ. ಹೆಂಗಸೊಬ್ಬಳು ತನ್ನ ಕೈಯಿಂದಲೇ ಬರೆದು ನಮಗೆ ಉಳಿದಿರುವ ಅತಿ ಹಳೆಯ ಲ್ಯಾಟಿನ್ ಬರಹಗಳಲ್ಲಿ ಇದೂ ಒಂದು ಎಂದು ವಿದ್ವಾಂಸರು ಎಣಿಸಿದ್ದಾರೆ. ಲಿಪಿಕಾರ ಬರೆದದ್ದು ಸಾಕಾಗಿತ್ತು, ವಿಷಯವೆಲ್ಲ ಅಲ್ಲಿತ್ತು. ಆದರೂ ಅವಳಿಗೆ ಸಾಕೆನಿಸಲಿಲ್ಲ. ಈ ‘ಸಾಕೆನಿಸಲಿಲ್ಲ’ ಎಂಬುದನ್ನು ನಾವು ಜ್ಞಾಪಕದಲ್ಲಿ ಇಟ್ಟುಕೊಳ್ಳೋಣ.

ಸೆವೆರಾಳಿಗೆ ಗೆಳತಿ ಬರಬಹುದೆಂಬ ಆಸೆಯಾದರೂ ಇತ್ತು. ಅದೂ ಇಲ್ಲದವನು ಅದೇ ರೋಮನ್ ಸಾಮ್ರಾಜ್ಯದ ಕವಿ ಓವಿಡ್. ಅಗಸ್ಟಸ್ ಚಕ್ರವರ್ತಿಯ ಕೋಪಕ್ಕೆ ಸಿಕ್ಕಿ ಕ್ರಿ.ಶ. 8ರಲ್ಲಿ ಅವನು ಕಪ್ಪು ಸಮುದ್ರದ ದಂಡೆಯ ಟೋಮಿಸ್ ಎಂಬ ಊರಿಗೆ ಗಡೀಪಾರಾದ. ಇಂದಿನ ರುಮೇನಿಯದ ಕಾನ್‌ಸ್ಟಾಂಟ್ಸಾ ನಗರ ಇರುವುದು ಅದೇ ಸ್ಥಳದಲ್ಲಿ. ಅಲ್ಲಿಂದ ಬರೆದ ಶೋಕಗೀತೆಗಳಲ್ಲಿ ಎರಡು ಹುಟ್ಟುಹಬ್ಬಗಳು ಬರುತ್ತವೆ. ಒಂದು ಅವನದೇ. ಆ ದಿನವನ್ನು ಅವನು ಸ್ವಾಗತಿಸುವುದಿಲ್ಲ. ಈ ಕೊನೆಯಿಲ್ಲದ ಚಳಿಯ ನಾಡಿಗೆ ನನ್ನನ್ನು ಹುಡುಕಿಕೊಂಡು ಯಾಕೆ ಬಂದೆ ಎಂದು ಗದರಿಸುತ್ತಾನೆ. ಇನ್ನೊಂದು ರೋಮಿನಲ್ಲಿ ಉಳಿದ ಹೆಂಡತಿಯದು. ಆಗ ಮಾತು ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಉಡುವ ಬಿಳಿಯ ವಸ್ತ್ರವನ್ನು ಉಟ್ಟು, ಹಸಿರು ಹುಲ್ಲಿನ ಹೆಂಟೆಗಳಿಂದ ವೇದಿಕೆ ಕಟ್ಟಿ, ಧೂಪ ಹಾಕುತ್ತಾನೆ. ಆ ಹೊಗೆ ಇಟಲಿಯ ದಿಕ್ಕಿಗೆ ತಿರುಗಿದ್ದನ್ನು ಕಂಡು ಸಮಾಧಾನಪಡುತ್ತಾನೆ. ತನಗೆ ಬೇಡವಾದ ಹಬ್ಬ ಪ್ರಿಯಳಿಗೆ ಬೇಕು. ತನ್ನ ದಿನಕ್ಕೆ ಶಾಪ, ಅವಳ ದಿನಕ್ಕೆ ಪೂಜೆ. ಓವಿಡ್ ರೋಮಿಗೆ ಹಿಂತಿರುಗಲೇ ಇಲ್ಲ. ಹೊಗೆಯ ದಿಕ್ಕನ್ನು ನೋಡಿ ಕಳುಹಿಸಿದ ಆ ಹಾರೈಕೆ ಎರಡು ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿದೆ.

ಹತ್ತಿರವಿದ್ದವರಿಗೂ ಏನು ಕೊಡಬೇಕೆಂಬ ಸಮಸ್ಯೆ ಇದ್ದೇ ಇದೆ. ಕ್ರಿ.ಶ. 238ರಲ್ಲಿ ಸೆನ್ಸೊರಿನಸ್ ಎಂಬ ರೋಮನ್ ಪಂಡಿತ ಕೇರೆಲಿಯಸ್ ಎಂಬ ತನ್ನ ಸಿರಿವಂತ ಪೋಷಕನ ಹುಟ್ಟುಹಬ್ಬಕ್ಕೆ ಉಡುಗೊರೆಯನ್ನು ಯೋಚಿಸಿದ. ಚಿನ್ನ ಬೆಳ್ಳಿ ಆತನಲ್ಲಿ ಬೇಕಾದಷ್ಟಿವೆ. ಅವುಗಳ ಮೋಹವೂ ಅವನಿಗಿಲ್ಲ. ಹಾಗಾಗಿ ಪಂಡಿತ ತನ್ನಲ್ಲಿ ಇದ್ದುದನ್ನೇ ಕೊಟ್ಟ. ಅದು ಜನ್ಮದಿನವನ್ನೇ ಕುರಿತ ಒಂದು ಗ್ರಂಥ. ಗರ್ಭದಲ್ಲಿ ಶಿಶುವಿನ ಬೆಳವಣಿಗೆ, ಮನುಷ್ಯನ ವಯಸ್ಸಿನ ಘಟ್ಟಗಳು, ವರ್ಷ, ಮಾಸ, ದಿನಗಳ ಲೆಕ್ಕ ಎಲ್ಲವೂ ಅದರಲ್ಲಿವೆ. ಪ್ರಾಚೀನರ ಕಾಲಗಣನೆಯನ್ನು ತಿಳಿಯಲು ಇತಿಹಾಸಕಾರರು ಇಂದಿಗೂ ಆ ಪುಸ್ತಕವನ್ನು ತೆರೆಯುತ್ತಾರೆ.

ಕನ್ನಡಿಗರಿಗೆ ಇದು ಅಪರಿಚಿತವಾದ ದಾರಿಯಲ್ಲ. ಹಿರಿಯ ವಿದ್ವಾಂಸರಿಗೆ ಶಿಷ್ಯರೂ ಮಿತ್ರರೂ ಲೇಖನಗಳನ್ನು ಬರೆದು, ಕಟ್ಟಿ, ಗ್ರಂಥವಾಗಿ ಒಪ್ಪಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ನಮ್ಮಲ್ಲಿ ಬೇರೂರಿತು. 1941ರಲ್ಲಿ ಬಿ.ಎಂ.ಶ್ರೀ. ಅವರಿಗೆ ಅರ್ಪಿತವಾದ ‘ಸಂಭಾವನೆ’ ಅದಕ್ಕೆ ಮೇಲ್ಪಂಕ್ತಿ. ಮುಂದೆ ‘ಬಾಗಿನ’ವೂ ಡಿ.ಎಲ್. ನರಸಿಂಹಾಚಾರ್ಯರಿಗೆ ಅರ್ಪಿತವಾದ ‘ಉಪಾಯನ’ವೂ ಬಂದವು. ಇಂಥ ಗ್ರಂಥ ಹುಟ್ಟುಹಬ್ಬಕ್ಕೇ ಬರಬೇಕೆಂಬ ನಿಯಮವೇನೂ ಇಲ್ಲ. ಆದರೂ ಅರವತ್ತು, ಎಪ್ಪತ್ತು ತುಂಬುವ ವರ್ಷವೇ ಅವುಗಳಿಗೆ ಸಹಜವಾದ ಸಂದರ್ಭವಾಯಿತು. ಹೆಸರುಗಳನ್ನು ನೋಡಿ: ಸಂಭಾವನೆ, ಬಾಗಿನ, ಉಪಾಯನ. ಮೂರೂ ಕೈಯೆತ್ತಿ ಕೊಡುವುದನ್ನು ಸೂಚಿಸುವ ಮಾತುಗಳೇ. ಶಾಸನವೊಂದರ ಪಾಠವನ್ನು ತಿದ್ದುವುದು, ಹಳಗನ್ನಡದ ಒಂದು ಪದದ ಅರ್ಥವನ್ನು ಬಿಡಿಸುವುದು, ಇದಕ್ಕಿಂತ ಗುರುವಿಗೆ ಒಪ್ಪುವ ಹಾರೈಕೆ ಯಾವುದಿದ್ದೀತು?

ಎಲ್ಲ ಹಾರೈಕೆಯೂ ಇಷ್ಟು ಗಂಭೀರವಾಗಿರಬೇಕಾಗಿಲ್ಲ. ವಿನೋದದಲ್ಲಿಯೂ ಮಮತೆ ತುಂಬಬಹುದು ಎಂಬುದಕ್ಕೆ ರಾಬರ್ಟ್ ಲೂಯಿ ಸ್ಟೀವನ್‌ಸನ್ ಸಾಕ್ಷಿ. ‘ಟ್ರೆಷರ್ ಐಲೆಂಡ್’ ಕಾದಂಬರಿಯ ಈ ಲೇಖಕ ಕ್ಷಯದಂಥ ಕಾಯಿಲೆಯಿಂದ ಬಳಲಿ, ಸ್ಕಾಟ್ಲೆಂಡಿನ ಹವೆ ಒಗ್ಗದೆ, ಕೊನೆಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ನೆಲೆಸಿದ್ದ. ಅಲ್ಲಿದ್ದ ಅಮೆರಿಕನ್ ಅಧಿಕಾರಿಯೊಬ್ಬರ ಮಗಳು ಆನಿ ಐಡ್ ಹುಟ್ಟಿದ್ದು ಡಿಸೆಂಬರ್ 25ರಂದು. ಕ್ರಿಸ್‌ಮಸ್ಸಿನ ಗದ್ದಲದಲ್ಲಿ ಆ ಹುಡುಗಿಗೆ ತನ್ನದೆನ್ನುವ ಹುಟ್ಟುಹಬ್ಬವೇ ಇಲ್ಲವಾಗಿತ್ತು. ಇದನ್ನು ಕೇಳಿದ ಸ್ಟೀವನ್‌ಸನ್ 1891ರ ಜೂನ್‌ನಲ್ಲಿ ಒಂದು ದಾನಪತ್ರವನ್ನು ಬರೆದ. ವಕೀಲಿ ಓದಿದವನಾದ್ದರಿಂದ ಭಾಷೆ ನ್ಯಾಯಾಲಯಕ್ಕೆ ಒಪ್ಪುವಂತಿತ್ತು. ತನ್ನ ಜನ್ಮದಿನವಾದ ನವೆಂಬರ್ 13ರ ಸಕಲ ಹಕ್ಕುಗಳನ್ನೂ ಆನಿಗೆ ವರ್ಗಾಯಿಸಿದ್ದಾನೆ. ತನಗಿನ್ನು ಅದರಿಂದ ಉಪಯೋಗವಿಲ್ಲವೆಂದಿದ್ದಾನೆ. ಆ ದಿನವನ್ನು ದಯೆಯಿಂದ, ಮಿತವಾಗಿ ಬಳಸಬೇಕು, ಅದಕ್ಕೆ ವಯಸ್ಸಾಗುತ್ತ ಬಂದಿದೆ ಎಂಬ ಷರತ್ತೂ ಉಂಟು. ಷರತ್ತು ತಪ್ಪಿದರೆ ಆ ಹಕ್ಕು ಅಮೆರಿಕದ ಅಧ್ಯಕ್ಷರಿಗೆ ಸೇರತಕ್ಕದ್ದು!

ನಗುವ ಮಾತು ಸರಿಯೇ. ಆದರೆ 1894ರ ಡಿಸೆಂಬರಿನಲ್ಲಿ, ಕೇವಲ 44 ವರ್ಷಕ್ಕೆ, ಸ್ಟೀವನ್‌ಸನ್ ತೀರಿಕೊಂಡ ಎಂಬುದನ್ನು ನೆನೆದಾಗ ಆ ನಗುವಿನ ಹಿಂದೆ ಬೇರೊಂದು ಕಾಣುತ್ತದೆ. ಆಯುಷ್ಯ ಕಡಿಮೆಯಿದ್ದವನು ತನ್ನ ದಿನವನ್ನು ಆಯುಷ್ಯ ಮುಂದಿದ್ದವಳಿಗೆ ಧಾರೆಯೆರೆದಿದ್ದ.

ಇಂಥ ಸ್ವಂತ ಕೈಯ ಹಾರೈಕೆಗಳ ಪಕ್ಕದಲ್ಲೇ ಸಿದ್ಧಪಡಿಸಿದ ಹಾರೈಕೆಗಳ ಕಾಲವೂ ಬಂದಿತು. ಅಂಚೆ ಅಗ್ಗವಾಯಿತು, ಅಚ್ಚಾದ ಕಾರ್ಡು ಬಂತು, ಆಮೇಲೆ ತಂತಿ. 1933ರ ಜುಲೈ 28ರಂದು ಅಮೆರಿಕದ ಗಾಯಕ ರೂಡಿ ವ್ಯಾಲಿಯ ಹುಟ್ಟುಹಬ್ಬಕ್ಕೆ ಬಂದ ತಂತಿಯನ್ನು ಅದರ ಕಂಪನಿಯ ನೌಕರಳೊಬ್ಬಳು ದೂರವಾಣಿಯಲ್ಲಿ ಹಾಡಿಯೇ ಒಪ್ಪಿಸಿದಳು. ಹಾಡುವ ತಂತಿಗೆ ಅಲ್ಲಿಂದ ನಾಂದಿ. ಎಲ್ಲರೂ ಹಾಡುವ ಹುಟ್ಟುಹಬ್ಬದ ಹಾಡಿನ ಕಥೆಯೂ ವಿಚಿತ್ರ. ಅದರ ಧಾಟಿ 1893ರಲ್ಲಿ ಹಿಲ್ ಸೋದರಿಯರು ಶಿಶುವಿಹಾರದ ಮಕ್ಕಳಿಗಾಗಿ ಪ್ರಕಟಿಸಿದ ಬೆಳಗಿನ ವಂದನೆಯದು. ಅದಕ್ಕೆ ಅಂಟಿಕೊಂಡ ಹುಟ್ಟುಹಬ್ಬದ ಮಾತುಗಳಿಗೆ ಒಂದು ಸಂಗೀತ ಸಂಸ್ಥೆ ಬಹುಕಾಲ ಹಕ್ಕಿನ ಹಣವನ್ನು ಪಡೆಯುತ್ತಿತ್ತು. ಆ ಹಕ್ಕು ಊರ್ಜಿತವಲ್ಲವೆಂದು 2015ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪಿತ್ತಿತು. ಹಾರೈಕೆ ಸರಕಾದರೆ ಏನಾದೀತು ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ತಂತಿ ಇಲಾಖೆಯಲ್ಲಿ ಶುಭಾಶಯಗಳಿಗೆ ಸಂಖ್ಯೆಗಳಿದ್ದವು. ಹುಟ್ಟುಹಬ್ಬಕ್ಕೊಂದು, ಮದುವೆಗೊಂದು, ದೀಪಾವಳಿಗೊಂದು, ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಕ್ಕೊಂದು. ಸಂಖ್ಯೆಯನ್ನು ಬರೆದುಕೊಟ್ಟರೆ ಆ ತುದಿಯಲ್ಲಿ ವಾಕ್ಯವಾಗಿ ಮೂಡುತ್ತಿತ್ತು. 2013ರ ಜುಲೈ ತಿಂಗಳಲ್ಲಿ ಆ ಸೇವೆ ನಿಂತಿತು. ಎರವಲು ಮಾತೆಂದು ಅದನ್ನು ಹಳಿಯುವುದು ಸಲ್ಲದು. ಪದಕ್ಕಿಷ್ಟು ಎಂದು ಕಾಸು ಎಣಿಸುತ್ತಿದ್ದ ಕಾಲದಲ್ಲಿ ಬಡವನಿಗೂ ಒಂದು ಪೂರ್ಣ ವಾಕ್ಯ ದಕ್ಕುತ್ತಿದ್ದುದು ಆ ಸಂಖ್ಯೆಯಿಂದಲೇ. ಇಂದಿನ ಕೈಫೋನಿನ ಸಿದ್ಧ ಚಿತ್ರಗಳೂ ಅದೇ ವಂಶದವು.

ಆದರೆ ಏನೂ ಇಲ್ಲದವನ ಹಾರೈಕೆ ಹೇಗಿರುತ್ತದೆ? ನಮ್ಮ ದೇಶದ ಇತಿಹಾಸದಲ್ಲೇ ಅದಕ್ಕೆ ಉತ್ತರವಿದೆ. ಉಪ್ಪಿನ ಸತ್ಯಾಗ್ರಹದ ವರ್ಷವಾದ 1930ರಲ್ಲಿ ಜವಾಹರಲಾಲ್ ನೆಹರೂ ಅಕ್ಟೋಬರ್ 11ರಂದು ಬಿಡುಗಡೆಯಾಗಿ, 19ರಂದು ಮತ್ತೆ ಬಂಧಿತರಾದರು. ಹೊರಗಿದ್ದದ್ದು ಸುಮಾರು ಒಂದು ವಾರ. ಮಗಳು ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು. ಸಂವತ್ ಪಂಚಾಂಗದ ಪ್ರಕಾರ ಅವಳ ಹದಿಮೂರನೆಯ ಹುಟ್ಟುಹಬ್ಬ ಆ ವರ್ಷ ಅಕ್ಟೋಬರ್ 26ಕ್ಕೆ ಬಿತ್ತು. ಮಗಳ ಹುಟ್ಟುಹಬ್ಬಕ್ಕೆ ಪ್ರತಿವರ್ಷ ಉಡುಗೊರೆ ಕೊಡುತ್ತಿದ್ದ ತಂದೆ ಈಗ ನೈನಿ ಸೆರೆಮನೆಯಲ್ಲಿದ್ದಾನೆ. ಅಲ್ಲಿಂದ ಕೊಂಡು ಕಳುಹಿಸಬಹುದಾದ ವಸ್ತು ಯಾವುದೂ ಇಲ್ಲ. ಗೋಡೆಗಳು ತಡೆಯಲಾರದಂಥದು ಏನಿದೆಯೋ ಅದನ್ನು ಕೊಡಬೇಕು.

ಹಾಗೆ ಆ ದಿನ ಒಂದು ಪತ್ರ ಹುಟ್ಟಿತು. ಉಪದೇಶ ತನಗೆ ಒಗ್ಗದೆಂದು ಹೇಳುತ್ತಲೇ ಧೈರ್ಯದ ಮಾತು, ಮಗಳು ಮೆಚ್ಚಿದ್ದ ಫ್ರಾನ್ಸಿನ ವೀರಕನ್ಯೆ ಜೋನಳ ನೆನಪು, ದೇಶದಲ್ಲಿ ನಡೆಯುತ್ತಿದ್ದ ಹೋರಾಟದ ಮಹತ್ವ ಎಲ್ಲ ಅದರಲ್ಲಿ ಬಂದವು. ಮುಂದಿನ ಪತ್ರದ ತಾರೀಖು 1931ರ ಜನವರಿ 1. ಆ ದಿನವೇ ತಾಯಿ ಕಮಲಾ ಕೂಡ ಬಂಧಿತರಾದರು. ಮಗಳಿಗೆ ಈಗ ಮನೆಯಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಪತ್ರಗಳು ಮುಂದುವರಿದವು. ಒಂದು ಸೆರೆಮನೆಯಿಂದ ಇನ್ನೊಂದಕ್ಕೆ, ಗ್ರಂಥಾಲಯದ ನೆರವಿಲ್ಲದೆ, ತಾವು ಮಾಡಿಕೊಂಡಿದ್ದ ಟಿಪ್ಪಣಿಗಳ ಬಲದಿಂದ ನೆಹರೂ ಬರೆದರು. 1933ರ ಆಗಸ್ಟ್ 9ರ ವೇಳೆಗೆ 196 ಪತ್ರಗಳಾಗಿದ್ದವು. 1934ರಲ್ಲಿ ಅವು ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಎಂಬ ಹೆಸರಿನಿಂದ ಅಚ್ಚಾದವು. ಮುಂದೆ ಆ ತಂದೆ ಮಗಳ ರಾಜಕೀಯವನ್ನು ಯಾರು ಹೇಗೆ ತೂಗಿದರೂ, ಜಗತ್ತಿನ ಇತಿಹಾಸವನ್ನೆಲ್ಲ ಹೇಳಿದ ಒಂದು ಬೃಹದ್‌ಗ್ರಂಥದ ಬೇರು ಹದಿಮೂರು ವರ್ಷದ ಹುಡುಗಿಗೆ ಕಳುಹಿಸಿದ ಹುಟ್ಟುಹಬ್ಬದ ಹಾರೈಕೆಯಲ್ಲಿದೆ ಎಂಬ ಸಂಗತಿ ಮನಸ್ಸನ್ನು ತಟ್ಟದೆ ಇರದು.

ಪಡೆಯುವವನ ಮನಸ್ಸನ್ನು ಅರಿಯುವುದೂ ಹಾರೈಕೆಯ ಒಂದು ಅಂಗ. ಗಾಂಧೀಜಿಯವರಿಗೆ ತಮ್ಮ ಜಯಂತಿಗಿಂತ ಚರಕದ ಜಯಂತಿ ಮುಖ್ಯವಾಗಿತ್ತು. ಭಾದ್ರಪದ ಬಹುಳ ದ್ವಾದಶಿಯಂದು ಬರುವ ಅವರ ಹುಟ್ಟುಹಬ್ಬ ಗುಜರಾತಿನಲ್ಲಿ ‘ರೆಂಟಿಯಾ ಬಾರಸ್’, ಅಂದರೆ ಚರಕದ ದ್ವಾದಶಿ ಎನಿಸಿತು. ಅಂದು ನೂಲುವುದೇ ಶುಭಾಶಯ. 1947ರ ಅಕ್ಟೋಬರ್ 2ರಂದು, ದೇಶವಿಭಜನೆಯ ರಕ್ತ ಇನ್ನೂ ಆರಿರದಾಗ, ಅಭಿನಂದಿಸಲು ಬಂದವರಿಗೆ ಸಂತಾಪ ಸೂಚಿಸುವುದೇ ಈಗ ಉಚಿತವಲ್ಲವೇ ಎಂಬರ್ಥದ ಮಾತನ್ನು ಅವರು ಆಡಿದರು. ಅದೇ ಅವರ ಕೊನೆಯ ಹುಟ್ಟುಹಬ್ಬ. ಲೋಕ ಉರಿಯುತ್ತಿರುವಾಗ ಬರಿಯ ಬಾಯುಪಚಾರದ ಶುಭಾಶಯ ಎಷ್ಟು ಹಗುರ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಈ ಇತಿಹಾಸವನ್ನು ಓದಿದವರಲ್ಲ. ಆದರೂ ಪರಸ್ಥಳದಲ್ಲಿರುವ ಮಗನ ನಕ್ಷತ್ರ ಬಂದ ದಿನ ದೇವಸ್ಥಾನಕ್ಕೆ ಹೋಗಿ, ಅವನ ಹೆಸರನ್ನು ಹೇಳಿ ಅರ್ಚನೆ ಮಾಡಿಸಿ, ಚಿಟಿಕೆ ಕುಂಕುಮವನ್ನೂ ಬಾಡಿದ ಒಂದು ಹೂವಿನೆಸಳನ್ನೂ ಕಾಗದದಲ್ಲಿ ಮಡಿಸಿ ಅಂಚೆಗೆ ಹಾಕಿದವರು ಅವರು. ಲಕೋಟೆಯನ್ನು ಒಡೆದಾಗ ಕುಂಕುಮ ಅಕ್ಷರಗಳಿಗೆಲ್ಲ ಮೆತ್ತಿರುತ್ತಿತ್ತು. ಕಾಗದವನ್ನು ಮನೆಯ ಹುಡುಗನಿಂದ ಬರೆಸಿದ್ದರೂ ಕೆಳಗೆ ತಮ್ಮ ರುಜುವನ್ನು ತಾವೇ ಕಷ್ಟಪಟ್ಟು ಹಾಕುತ್ತಿದ್ದರು. ವಿಂಡೊಲಾಂಡದ ಸೆವೆರಾ ಮಾಡಿದ್ದೂ ಅದನ್ನೇ ಅಲ್ಲವೇ?

ಲಿಪಿಕಾರ ಬರೆಯಲಿ, ಅಚ್ಚಿನವನು ಅಚ್ಚು ಹಾಕಲಿ, ಯಂತ್ರ ಕಳುಹಿಸಲಿ. ಅದರಿಂದ ದೋಷವೇನೂ ಇಲ್ಲ. ಕೊನೆಯಲ್ಲಿ ಎರಡು ಸಾಲಿಗೆ ಸ್ಥಳ ಬಿಟ್ಟು, ಅಕ್ಷರ ಓರೆಯಾದರೂ ಚಿಂತೆಯಿಲ್ಲ, ಅಲ್ಲಿ ನಾವೇ ಬರೆಯೋಣ.